ಡಿಸ್‌ಪ್ಲೇ ಬರದ ಕಂಪ್ಯೂಟರ್ ಎಲ್ಲಿವರೆಗೆ ಬಂದು ನಿಂತಿದೆ?

“ಕಂಪ್ಯೂಟರ್ ಚಾಲೂ ಆಗತೈತ್ರಿ, ಡಿಸ್‌ಪ್ಲೇ ಬರವಲ್ದು.”

ಹುಬ್ಬಳ್ಳಿ-ಧಾರವಾಡದ ಯಾವ ರಿಪೇರಿ ಅಂಗಡಿಯಲ್ಲಿ ಸ್ವಲ್ಪ ಹೊತ್ತು ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಮೇ ತಿಂಗಳಲ್ಲಿ ಗುಡುಗು ಸಿಡಿಲಿನ ಅಡ್ಡಮಳೆ ಹೊಡೆದ ಮರುದಿನವಂತೂ ಜಾಸ್ತಿ. ಹೇಳುವವರಿಗೆ ಇದು ಒಂದೇ ತೊಂದರೆ. ಬಟನ್ ಒತ್ತಿದ್ದಾಯ್ತು, ಪರದೆ ಮಾತ್ರ ಕಪ್ಪಗೇ ಇದೆ. ಆದರೆ ಆ ಕಪ್ಪು ಪರದೆಯ ಹಿಂದೆ ಇರುವ ಕಾರಣ ಯಾವುದೂ ಆಗಿರಬಹುದು. ಕೇಬಲ್ ಸಡಿಲಾಗಿರಬಹುದು, ಕರೆಂಟ್ ಬದಲಿಸಿ ಕೊಡುವ ಎಸ್‌ಎಂಪಿಎಸ್ ಸುಟ್ಟಿರಬಹುದು, ಕೆಲಸದ ಹೊತ್ತಿನ ಮಾಹಿತಿ ಇಟ್ಟುಕೊಳ್ಳುವ ರ‍್ಯಾಮ್‌ಗೆ ಧೂಳು ಹಿಡಿದಿರಬಹುದು, ವಿಂಡೋಸ್ ಅಪ್‌ಡೇಟ್ ಅರ್ಧಕ್ಕೇ ನಿಂತಿರಬಹುದು. ಒಂದಕ್ಕೆ ಬಿಡಿಗಾಸೂ ಬೇಡ, ಇನ್ನೊಂದಕ್ಕೆ ಸಾವಿರಾರು ರೂಪಾಯಿ ಬೇಕು.

ಇದನ್ನು ಬರೆಯಲು ನನಗೆ ಮುಖ್ಯ ಕಾರಣ ಬೇರೆಯೇ ಇದೆ. ಡಿಸ್‌ಪ್ಲೇ ಬರುತ್ತಿಲ್ಲ ಅಂದ ಕೂಡಲೇ “ಫಾರ್ಮ್ಯಾಟ್ ಮಾಡಬೇಕಾಗ್ತದ ನೋಡ್ರಿ” ಅನ್ನುವ ಮಾತು ನಮ್ಮ ಕಡೆ ಬಹಳ ಸಲೀಸಾಗಿ ಬರುತ್ತದೆ. ಅಂದರೆ ಡಿಸ್ಕಿನಲ್ಲಿ ಇದ್ದದ್ದನ್ನೆಲ್ಲ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವುದು. ಹೇಳುವವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಕೇಳಿದವರು ಗೋಣು ಹಾಕುತ್ತಾರೆ. ಮಕ್ಕಳ ಫೋಟೊ, ಪಿಎಚ್‌ಡಿ ಪ್ರಬಂಧ, ಅಂಗಡಿಯ ಹತ್ತು ವರ್ಷದ ಲೆಕ್ಕ ಎಲ್ಲ ಅಲ್ಲಿಗೆ ಮುಗಿಯಿತು. ಫಾರ್ಮ್ಯಾಟ್ ಆದಮೇಲೂ ಪರದೆ ಕಪ್ಪಗೇ ಉಳಿಯುವುದುಂಟು. ಯಾಕೆಂದರೆ ತೊಂದರೆ ಡಿಸ್ಕ್‌ನಲ್ಲಿ ಇರಲೇ ಇಲ್ಲ.

ಹುಬ್ಬಳ್ಳಿಯಿಂದ ಹೊರಟ ಬಸ್ಸು ಧಾರವಾಡ ಮುಟ್ಟಲಿಲ್ಲ ಅಂದುಕೊಳ್ಳಿ. ಮೊದಲು ಏನು ಕೇಳುತ್ತೀರಿ? ಉಣಕಲ್‌ನಲ್ಲೇ ನಿಂತಿತಾ, ನವನಗರ ದಾಟಿತಾ, ಸತ್ತೂರಿನ ತನಕ ಬಂತಾ ಅಂತ ತಾನೇ? ಕಂಪ್ಯೂಟರ್ ವಿಷಯದಲ್ಲೂ ಕೇಳಬೇಕಾದ್ದು ಅದನ್ನೇ. ಬಟನ್ ಒತ್ತಿದಾಗಿನಿಂದ ಡೆಸ್ಕ್‌ಟಾಪ್ ಕಾಣಿಸುವವರೆಗೆ ಅದು ಕೆಲವು ಹಂತಗಳನ್ನು ದಾಟಿ ಬರಬೇಕು. ಎಲ್ಲಿವರೆಗೆ ಬಂದು ನಿಂತಿದೆ ಅಂತ ಗೊತ್ತಾದರೆ ಅರ್ಧ ರಿಪೇರಿ ಆದಂತೆ.

ಬಟನ್ ಒತ್ತಿದ ಮೇಲೆ ಒಳಗೆ ನಡೆಯುವುದು

ಗೋಡೆಯ ಪ್ಲಗ್‌ನಿಂದ ಬರುವುದು 230 ವೋಲ್ಟಿನ ಎಸಿ ಕರೆಂಟ್. ಮದರ್‌ಬೋರ್ಡಿಗೆ ಬೇಕಾದ್ದು 12, 5 ಮತ್ತು 3.3 ವೋಲ್ಟಿನ ಡಿಸಿ. ಅದನ್ನು ಬದಲಿಸಿ ಕೊಡುವ ಕಬ್ಬಿಣದ ಡಬ್ಬಿಯೇ ಎಸ್‌ಎಂಪಿಎಸ್. ಕಂಪ್ಯೂಟರ್ ಆಫ್ ಆಗಿದ್ದರೂ ಪ್ಲಗ್ ಹಾಕಿದ್ದರೆ ಒಳಗೆ 5 ವೋಲ್ಟಿನ ಸಣ್ಣ ಸಪ್ಲೈ ಒಂದು ಜೀವಂತ ಇರುತ್ತದೆ. ನೀವು ಬಟನ್ ಒತ್ತಿದಾಗ ಎಚ್ಚರಾಗಲು ಮದರ್‌ಬೋರ್ಡಿಗೆ ಅದು ಬೇಕು. ಕ್ಯಾಬಿನೆಟ್ ಬಿಚ್ಚುವ ಮೊದಲು ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಬೇಕು ಅನ್ನುವುದು ಇದಕ್ಕೇ.

ಬಟನ್ ಒತ್ತಿದಾಗ ಎಸ್‌ಎಂಪಿಎಸ್ ಪೂರ್ತಿ ಚಾಲೂ ಆಗುತ್ತದೆ. ಆದರೆ ಪ್ರೊಸೆಸರ್‌ ಆ ಕ್ಷಣವೇ ಕೆಲಸ ಶುರುಮಾಡುವುದಿಲ್ಲ. ವೋಲ್ಟೇಜ್ ಎಲ್ಲ ಸರಿಯಾಗಿ ನೆಲೆ ನಿಂತ ಮೇಲೆ ಎಸ್‌ಎಂಪಿಎಸ್ ಒಂದು ಸಂಕೇತ ಕಳಿಸುತ್ತದೆ. ಅದಕ್ಕೆ ಪವರ್ ಗುಡ್ ಅಂತ ಹೆಸರು. ಎಲ್ಲ ಸರಿ ಇದ್ದರೆ ಅರ್ಧ ಸೆಕೆಂಡಿನ ಒಳಗೆ ಇದು ಆಗಿಹೋಗುತ್ತದೆ. ಎಸ್‌ಎಂಪಿಎಸ್ ಸೊರಗಿದ್ದರೆ ಈ ಸಂಕೇತ ಬರುವುದೇ ಇಲ್ಲ. ಆಗ ಫ್ಯಾನ್ ತಿರುಗುತ್ತದೆ, ಲೈಟ್ ಹತ್ತುತ್ತದೆ, ಪ್ರೊಸೆಸರ್ ಮಾತ್ರ ಅಲುಗುವುದಿಲ್ಲ. ಫ್ಯಾನ್ ತಿರುಗಿತು ಅಂದಮಾತ್ರಕ್ಕೆ ಎಸ್‌ಎಂಪಿಎಸ್ ಚೆನ್ನಾಗಿದೆ ಅಂತ ಹೇಳಲು ಬರುವುದಿಲ್ಲ.

ಎದ್ದ ಪ್ರೊಸೆಸರ್‌ಗೆ ವಿಂಡೋಸ್ ಅಂದರೇನು, ಡಿಸ್ಕ್ ಎಲ್ಲಿದೆ ಅನ್ನುವುದು ಒಂದೂ ಗೊತ್ತಿರುವುದಿಲ್ಲ. ಅದು ಮದರ್‌ಬೋರ್ಡಿನ ಮೇಲಿರುವ ಒಂದು ಪುಟ್ಟ ಚಿಪ್‌ಗೆ ಹೋಗಿ ಅಲ್ಲಿನ ಪ್ರೋಗ್ರಾಮ್ ಓದುತ್ತದೆ. ಅದನ್ನೇ ನಾವು ಬಯೋಸ್ ಅನ್ನುವುದು. ಈಗಿನ ಕಂಪ್ಯೂಟರ್‌ಗಳಲ್ಲಿ ಅದರ ಜಾಗಕ್ಕೆ ಯುಇಎಫ್ಐ ಬಂದಿದೆ, ಜನ ಈಗಲೂ ಬಯೋಸ್ ಅಂತಲೇ ಕರೆಯುತ್ತಾರೆ. ಬಯೋಸ್ ಒಂದೊಂದೇ ಭಾಗವನ್ನು ಪರೀಕ್ಷೆ ಮಾಡುತ್ತ ಹೋಗುತ್ತದೆ. ಪ್ರೊಸೆಸರ್ ಸರಿ ಇದೆಯಾ, ರ‍್ಯಾಮ್ ಇದೆಯಾ, ಗ್ರಾಫಿಕ್ಸ್ ಇದೆಯಾ. ಈ ತಪಾಸಣೆಗೆ ಪೋಸ್ಟ್ ಅನ್ನುತ್ತಾರೆ.

ಇಲ್ಲೊಂದು ವಿಷಯ ಚೆನ್ನಾಗಿ ತಿಳಿದುಕೊಳ್ಳಬೇಕು. ರ‍್ಯಾಮ್ ಸರಿ ಇಲ್ಲದೆ ಬಯೋಸ್ ಪರದೆಯ ಮೇಲೆ ಒಂದು ಅಕ್ಷರವನ್ನೂ ಮೂಡಿಸಲಾರದು. ಚಿತ್ರ ತಯಾರಾಗುವ ಹಂತಕ್ಕೇ ಅದು ಬಂದಿರುವುದಿಲ್ಲ. “ರ‍್ಯಾಮ್ ಕೆಟ್ಟಿದ್ದರೆ ಪರದೆ ಮೇಲೆ ಹಾಗಂತ ಎರರ್ ಬರಬೇಕಲ್ವಾ?” ಅಂತ ಬಹಳ ಜನ ಕೇಳುತ್ತಾರೆ. ಬರಲು ದಾರಿಯೇ ಇಲ್ಲ. ಅದಕ್ಕೇ ಬಯೋಸ್ ಬೀಪ್ ಶಬ್ದ ಮಾಡಿಯೋ, ಲೈಟ್ ಮಿಣುಕಿಸಿಯೋ ತಿಳಿಸಲು ನೋಡುತ್ತದೆ.

ಗ್ರಾಫಿಕ್ಸ್ ಸಿಕ್ಕಿದ ಮೇಲೆ ಮೊದಲ ಚಿತ್ರ ಬರುತ್ತದೆ. ಅದು ಕಂಪನಿಯ ಲೋಗೋ. ಆಮೇಲಷ್ಟೇ ಡಿಸ್ಕ್ ಓದಿ ವಿಂಡೋಸ್ ಎಬ್ಬಿಸುವ ಕೆಲಸ. ಚಕ್ರದ ಹಾಗೆ ಸುತ್ತುವ ಚುಕ್ಕಿಗಳು, ಒಂದೊಂದು ಭಾಗವನ್ನು ನಡೆಸುವ ಪ್ರೋಗ್ರಾಮ್‌ಗಳಾದ ಡ್ರೈವರ್‌ಗಳು, ಕೊನೆಗೆ ಪಾಸ್‌ವರ್ಡ್ ಕೇಳುವ ಪುಟ.

ಹಾಗಾಗಿ ಲೋಗೋ ಅನ್ನುವುದು ಗಡಿಕಲ್ಲು. ಅದು ಬಂದಿಲ್ಲ ಅಂದರೆ ಕಂಪ್ಯೂಟರ್ ವಿಂಡೋಸ್ ತನಕ ಬಂದೇ ಇಲ್ಲ. ಆ ಹಂತದಲ್ಲಿ ಫಾರ್ಮ್ಯಾಟ್ ಮಾಡುವುದಕ್ಕೆ ಯಾವ ಅರ್ಥವೂ ಇಲ್ಲ. ಲೋಗೋ ಬಂದು ಆಮೇಲೆ ಪರದೆ ಕಪ್ಪಾದರೆ ಕರೆಂಟ್, ಪ್ರೊಸೆಸರ್, ರ‍್ಯಾಮ್, ಕೇಬಲ್, ಮಾನಿಟರ್ ಎಲ್ಲ ಹೆಚ್ಚುಕಡಿಮೆ ಸರಿ ಇವೆ ಅಂತ. ಒಂದು ಎಚ್ಚರ. ಕೆಲವು ಹೊಸ ಕಂಪ್ಯೂಟರ್‌ಗಳು ಬಹಳ ಬೇಗ ಏಳುತ್ತವೆ. ಮಾನಿಟರ್ ಕಣ್ಣು ಬಿಡುವಷ್ಟರಲ್ಲಿ ಲೋಗೋ ಬಂದು ಹೋಗಿರುತ್ತದೆ. ಎರಡು ಮೂರು ಸಲ ಗಮನ ಇಟ್ಟು ನೋಡಿ.

ಸ್ಕ್ರೂಡ್ರೈವರ್ ಮುಟ್ಟುವ ಮೊದಲು

ಬರೀ ಕಣ್ಣು ಕಿವಿಯಿಂದ ಬಹಳಷ್ಟು ಗೊತ್ತಾಗುತ್ತದೆ. ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ. ಅದರ ಲೈಟ್ ಹತ್ತಿ ಆರುತ್ತಿದ್ದರೆ ಒಳಗೆ ಕಂಪ್ಯೂಟರ್ ಕೆಲಸ ಮಾಡುತ್ತಿದೆ, ಚಿತ್ರ ಮಾತ್ರ ನಿಮ್ಮ ಕಣ್ಣಿಗೆ ತಲುಪುತ್ತಿಲ್ಲ. ವಿಂಡೋಸ್ ಏಳುವ ಶಬ್ದ ಸ್ಪೀಕರ್‌ನಿಂದ ಕೇಳಿದರೂ ಅದೇ ಅರ್ಥ. ಆಗ ಹುಡುಕಬೇಕಾದ್ದು ಮಾನಿಟರ್, ಕೇಬಲ್, ಡಿಸ್‌ಪ್ಲೇ ಡ್ರೈವರ್ ಇಷ್ಟರಲ್ಲೇ.

ಮಾನಿಟರ್ ಬಗ್ಗೆ ಅನುಮಾನ ಬಂದರೆ ಅದರದ್ದೇ ಮೆನು ಬಟನ್ ಒತ್ತಿ ನೋಡಿ. ಬ್ರೈಟ್‌ನೆಸ್ ಪಟ್ಟಿಯೋ “ನೋ ಸಿಗ್ನಲ್” ಅನ್ನುವ ಬರಹವೋ ಕಂಡರೆ ಮಾನಿಟರ್‌ಗೆ ಜೀವ ಇದೆ, ಅದಕ್ಕೆ ಕಂಪ್ಯೂಟರ್‌ನಿಂದ ಏನೂ ಬರುತ್ತಿಲ್ಲ. ಏನೂ ಕಾಣದಿದ್ದರೆ ರೂಮಿನ ಲೈಟ್ ಆರಿಸಿ ಮೊಬೈಲ್ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿಯಿರಿ. ಮಸುಕಾಗಿ ಅಕ್ಷರ, ಐಕಾನ್ ಕಂಡರೆ ಚಿತ್ರ ಬರುತ್ತಿದೆ, ಹಿಂದಿನ ಬ್ಯಾಕ್‌ಲೈಟ್ ಹೋಗಿದೆ. ಲ್ಯಾಪ್‌ಟಾಪ್‌ಗೂ ಈ ಪರೀಕ್ಷೆ ಚೆನ್ನಾಗಿ ನಡೆಯುತ್ತದೆ.

ಆಮೇಲೆ ಕೇಬಲ್. ಎರಡೂ ಕಡೆ ಕಿತ್ತು ಮತ್ತೆ ಗಟ್ಟಿಯಾಗಿ ಹಾಕಿ. ನೀಲಿ ಬಣ್ಣದ 15 ಪಿನ್ನಿನ ವಿಜಿಎ ಕೇಬಲ್ ಆದರೆ ಯಾವುದಾದರೂ ಪಿನ್ ಬಗ್ಗಿದೆಯಾ ನೋಡಿ. ಮಾನಿಟರ್‌ನಲ್ಲಿ ವಿಜಿಎ, ಎಚ್‌ಡಿಎಂಐ ಎರಡೂ ಇದ್ದರೆ ಯಾವುದನ್ನು ಆರಿಸಿದೆ ಅಂತ ಅದರ ಮೆನುವಿನಲ್ಲಿ ನೋಡಿ. ಮನೆ ಗುಡಿಸುವಾಗ, ಮೇಜು ಸರಿಸುವಾಗ ಆಗುವ ಇನ್ನೊಂದು ಎಡವಟ್ಟು ಇದೆ. ಕ್ಯಾಬಿನೆಟ್ ಹಿಂದೆ ಡಿಸ್‌ಪ್ಲೇ ಕೇಬಲ್ ಹಾಕಲು ಎರಡು ಜಾಗ ಇರಬಹುದು. ಯುಎಸ್‌ಬಿ ತೂತುಗಳ ಪಕ್ಕದಲ್ಲಿ ಇರುವುದು ಮದರ್‌ಬೋರ್ಡಿನದು. ಅದರ ಕೆಳಗೆ ಬೇರೆಯಾಗಿ ಅಡ್ಡ ಇರುವುದು ಗ್ರಾಫಿಕ್ಸ್ ಕಾರ್ಡಿನದು. ಕಾರ್ಡ್ ಇದ್ದರೆ ಕೇಬಲ್ ಅದಕ್ಕೇ ಹಾಕಬೇಕು. ಮೇಲಿನದಕ್ಕೆ ಹಾಕಿದರೆ ಬಹಳಷ್ಟು ಸಲ ಪರದೆ ಕಪ್ಪು.

ಬೀಪ್ ಶಬ್ದಕ್ಕೆ ಬಯೋಸ್ ಕಂಪನಿಗೊಂದು ಲೆಕ್ಕ. ಸಾಮಾನ್ಯವಾಗಿ 1 ಗಿಡ್ಡ ಬೀಪ್ ಅಂದರೆ ಎಲ್ಲ ಸರಿ. ಉದ್ದನೆಯ ಬೀಪ್ ಮತ್ತೆ ಮತ್ತೆ ಬಂದರೆ ಹೆಚ್ಚಾಗಿ ರ‍್ಯಾಮ್, 1 ಉದ್ದ 2 ಗಿಡ್ಡ ಆದರೆ ಹೆಚ್ಚಾಗಿ ಗ್ರಾಫಿಕ್ಸ್. ನಿಮ್ಮ ಮದರ್‌ಬೋರ್ಡಿನ ಪುಸ್ತಕದಲ್ಲಿ ಖಚಿತ ಪಟ್ಟಿ ಇರುತ್ತದೆ. ಈಗಿನ ಬಹಳ ಕ್ಯಾಬಿನೆಟ್‌ಗಳಲ್ಲಿ ಬೀಪ್ ಮಾಡುವ ಪುಟ್ಟ ಸ್ಪೀಕರೇ ಇರುವುದಿಲ್ಲ. ಅದರ ಬದಲು ಹೊಸ ಮದರ್‌ಬೋರ್ಡ್‌ಗಳ ಅಂಚಿನಲ್ಲಿ 4 ಸಣ್ಣ ಲೈಟ್‌ಗಳು ಇರುವುದುಂಟು. ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಬೂಟ್ ಅಂತ ಒಂದೊಂದಕ್ಕೆ ಒಂದೊಂದು. ಯಾವುದು ಹತ್ತಿ ಹಾಗೇ ನಿಂತಿತೋ ಕಂಪ್ಯೂಟರ್ ಅಲ್ಲೇ ಸಿಕ್ಕಿಕೊಂಡಿದೆ. ಒಂದು ಪೈಸೆ ಖರ್ಚಿಲ್ಲದೆ ಸಿಗುವ ಉತ್ತರ ಇದು.

ಫ್ಯಾನೂ ತಿರುಗದಿದ್ದರೆ

ಆಗ ಕರೆಂಟಿನಿಂದಲೇ ಶುರುಮಾಡಿ. ಅದೇ ಪ್ಲಗ್‌ಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಎಕ್ಸ್‌ಟೆನ್ಷನ್ ಬೋರ್ಡ್ ತೆಗೆದು ನೇರ ಗೋಡೆಗೆ ಹಾಕಿ. ಎಸ್‌ಎಂಪಿಎಸ್ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ, ಒರೆಸುವಾಗ ಅದು ಆಫ್ ಆಗಿರಬಹುದು. ಯುಪಿಎಸ್ ಇದ್ದರೆ ಅದನ್ನೂ ಪಕ್ಕಕ್ಕಿಟ್ಟು ನೋಡಿ. ಬ್ಯಾಟರಿ ಸತ್ತ ಯುಪಿಎಸ್ ಕರೆಂಟ್ ಹೋಗಿ ಬಂದಾಗ ಒಂದು ಕ್ಷಣ ಕೈಕೊಡುತ್ತದೆ, ಕಂಪ್ಯೂಟರ್‌ಗೆ ಆ ಒಂದು ಕ್ಷಣವೇ ಸಾಕು.

ನಮ್ಮ ಕಡೆ ಕರೆಂಟ್ ಹೋಗಿ ಬರುವುದಕ್ಕಿಂತ ಅದು ಬರುವ ರೀತಿ ಅಪಾಯಕಾರಿ. ಸಿಡಿಲು ಹೊಡೆದಾಗ ಲೈನಿನಲ್ಲಿ ಒಮ್ಮೆಲೇ ಹೆಚ್ಚು ವೋಲ್ಟೇಜ್ ನುಗ್ಗುತ್ತದೆ. ಸ್ವಿಚ್ ಆಫ್ ಮಾಡಿದ್ದರೂ ಪೂರ್ತಿ ರಕ್ಷಣೆ ಇಲ್ಲ, ಸ್ವಿಚ್ಚಿನ ಒಳಗಿನ ಸಣ್ಣ ಸಂದನ್ನು ಸಿಡಿಲಿನ ವೋಲ್ಟೇಜ್ ಹಾರಬಲ್ಲದು. ಇಂಟರ್‌ನೆಟ್ ಕೇಬಲ್ ಮೂಲಕವೂ ಅದು ಬರುತ್ತದೆ. ಹಾಗೆ ಬಂದರೆ ಎಸ್‌ಎಂಪಿಎಸ್ ಚೆನ್ನಾಗೇ ಉಳಿದು ಮದರ್‌ಬೋರ್ಡಿನ ನೆಟ್‌ವರ್ಕ್ ಚಿಪ್ ಸುಡುತ್ತದೆ. ಮೋಡ ಗುಡುಗಲು ಶುರುವಾದಾಗ ಎರಡನ್ನೂ ಕಿತ್ತಿಡಿ. ಇನ್ನು ಅರ್ಥಿಂಗ್. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಂ ಅನ್ನುತ್ತಿದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮನೆಯ ಅರ್ಥಿಂಗ್ ಸರಿ ಇಲ್ಲ ಅಂತ ಅದು ಹೇಳುತ್ತಿದೆ. ಮೊದಲು ಕರೆಸಬೇಕಾದ್ದು ವೈರಿಂಗ್ ಮಾಡುವವರನ್ನು.

ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ ಜೀವಕ್ಕೆ ಕುತ್ತು ತರುವಷ್ಟು ಚಾರ್ಜ್ ಉಳಿದಿರಬಹುದು. ಅಂಗಡಿಯಲ್ಲಿ ಒಂದು ಒಳ್ಳೆಯ ಎಸ್‌ಎಂಪಿಎಸ್ ಜೋಡಿಸಿ ನೋಡಿದರೆ ತಕ್ಷಣ ಗೊತ್ತಾಗುತ್ತದೆ. ಅದು ಅವರ ಕೆಲಸ.

ಫ್ಯಾನ್ ಓಡುತ್ತದೆ, ಲೋಗೋ ಇಲ್ಲ

ಮನೆ ಕಂಪ್ಯೂಟರ್‌ಗಳಲ್ಲಿ ನಾನು ಜಾಸ್ತಿ ನೋಡುವುದು ಇದನ್ನೇ. ಇದರಲ್ಲಿ ದೊಡ್ಡ ಪಾಲು ರ‍್ಯಾಮ್‌ನದು. ರ‍್ಯಾಮ್ ಪಟ್ಟಿಯ ಅಂಚಿನಲ್ಲಿ ಸಾಲಾಗಿ ಚಿನ್ನದ ಬಣ್ಣದ ಕಡ್ಡಿಗಳಿರುತ್ತವೆ. ಹಳೆಯ ಡಿಡಿಆರ್ 3 ಬಗೆಯದಾದರೆ 240, ಅದರ ನಂತರ ಬಂದ ಡಿಡಿಆರ್ 4 ಆದರೆ 288. ಇವುಗಳಲ್ಲಿ ಮುಖ್ಯವಾದ ಒಂದು ಕಡ್ಡಿಗೆ ಸ್ಲಾಟ್ ಸರಿಯಾಗಿ ತಾಗದಿದ್ದರೂ ಕಂಪ್ಯೂಟರ್ ಅಲ್ಲಿಗೇ ನಿಲ್ಲುತ್ತದೆ. ಧಾರವಾಡದಲ್ಲಿ ವಾರಗಟ್ಟಲೆ ಜಿಟಿಜಿಟಿ ಮಳೆ ಹಿಡಿದಾಗ ಗಾಳಿಯ ತೇವಕ್ಕೆ ಅವುಗಳ ಮೇಲೆ ಕಣ್ಣಿಗೆ ಕಾಣದ ಪದರ ಕೂರುತ್ತದೆ. ಗದಗ ಸೀಮೆಯ ಗಾಳಿಗೆ ಎರೆಮಣ್ಣಿನ ನುಣುಪು ಧೂಳು ಫ್ಯಾನಿನ ಮೂಲಕ ಒಳಗೆ ಹೋಗುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಗಳಲ್ಲಿ ಇಟ್ಟ ಕಂಪ್ಯೂಟರ್‌ ಬಿಚ್ಚಿದರೆ ಸೀನು ಬರುತ್ತದೆ. ಧೂಳೂ ತೇವವೂ ಸೇರಿದರೆ ಹೇಳುವುದೇ ಬೇಡ.

ಸ್ವಚ್ಛ ಮಾಡುವುದು ಕಷ್ಟವಿಲ್ಲ, ಸಮಾಧಾನ ಬೇಕು ಅಷ್ಟೇ. ಪ್ಲಗ್ ಕಿತ್ತು ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿಹಿಡಿಯಿರಿ. ಒಳಗೆ ಉಳಿದ ಚಾರ್ಜ್ ಹೋಗುತ್ತದೆ. ಕ್ಯಾಬಿನೆಟ್ಟನ್ನು ಬೆಳಕಿರುವ ಜಾಗದಲ್ಲಿ ಮಲಗಿಸಿ ಪಕ್ಕದ ಹಲಗೆ ತೆಗೆಯಿರಿ. ಬಣ್ಣ ಇಲ್ಲದ ಬರೀ ಲೋಹದ ಭಾಗವನ್ನು ಒಮ್ಮೆ ಮುಟ್ಟಿ, ನಿಮ್ಮ ಮೈಯ ಸ್ಥಿರ ವಿದ್ಯುತ್ತು ಅದಕ್ಕೆ ಇಳಿಯಲಿ. ಒಂದು ಫೋಟೊ ತೆಗೆದುಕೊಳ್ಳಿ, ಯಾವುದು ಎಲ್ಲಿತ್ತು ಅಂತ ಆಮೇಲೆ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ.

ರ‍್ಯಾಮ್ ಸ್ಲಾಟಿನ ತುದಿಯ ಕ್ಲಿಪ್ ಹೊರಗೆ ಒತ್ತಿದರೆ ಪಟ್ಟಿ ತಾನೇ ಸ್ವಲ್ಪ ಮೇಲೆ ಬರುತ್ತದೆ. ಕೆಲವು ಬೋರ್ಡುಗಳಲ್ಲಿ ಒಂದೇ ಕಡೆ ಕ್ಲಿಪ್ ಇರುತ್ತದೆ. ಅಂಚು ಹಿಡಿದು ಎತ್ತಿ, ಚಿನ್ನದ ಕಡ್ಡಿಗಳಿಗೆ ಬೆರಳು ತಾಗಿಸಬೇಡಿ. ಮಕ್ಕಳು ಬಳಸುವ ಮೆತ್ತನೆಯ ಬಿಳಿ ರಬ್ಬರ್ ತೆಗೆದುಕೊಂಡು ಕಡ್ಡಿಗಳ ಮೇಲೆ ಹಗುರವಾಗಿ ಉಜ್ಜಿ. ಒಂದೆರಡು ಸಲಕ್ಕೇ ಮಂಕು ಬಣ್ಣ ಹೋಗಿ ಹೊಳಪು ಬರುತ್ತದೆ. ಎರಡೂ ಬದಿ ಮಾಡಿ. ರಬ್ಬರಿನ ಪುಡಿಯನ್ನು ಒಣ ಬಟ್ಟೆಯಿಂದ ಪೂರ್ತಿ ಒರೆಸಿ, ಅದು ಸ್ಲಾಟ್ ಒಳಗೆ ಬೀಳಬಾರದು. ಸ್ಲಾಟ್‌ಗೆ ಬಾಯಿಂದ ಊದಬೇಡಿ, ಉಗುಳಿನ ತೇವ ಸೇರುತ್ತದೆ. ಒಣ ಪೇಂಟ್ ಬ್ರಷ್ ಸಾಕು. ಸ್ಯಾಂಡ್‌ಪೇಪರ್ ಹಾಕಿದರೆ ಚಿನ್ನದ ತೆಳು ಲೇಪವೇ ಹೋಗಿಬಿಡುತ್ತದೆ.

ವಾಪಸ್ ಹಾಕುವಾಗ ಪಟ್ಟಿಯ ಕಚ್ಚು ಸ್ಲಾಟಿನ ಉಬ್ಬಿಗೆ ಕೂರುತ್ತದೆಯಾ ನೋಡಿ. ತಿರುಗಿಸಿ ಹಾಕಿದರೆ ಕೂರುವುದೇ ಇಲ್ಲ. ಎರಡೂ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ, ಕ್ಲಿಪ್ ಟಕ್ ಅಂತ ತಾನೇ ಮುಚ್ಚಬೇಕು. ಹೊಸಬರು ಇಲ್ಲಿ ಹೆದರಿ ಅರ್ಧ ಒತ್ತಿ ಬಿಡುತ್ತಾರೆ. ನೀವಂದುಕೊಂಡದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಒತ್ತಬೇಕಾಗುತ್ತದೆ. ಎರಡು ಪಟ್ಟಿ ಇದ್ದರೆ ಮೊದಲು ಒಂದನ್ನೇ ಹಾಕಿ ಚಾಲೂ ಮಾಡಿ, ಆಮೇಲೆ ಇನ್ನೊಂದನ್ನು. ಒಂದರಲ್ಲಿ ಲೋಗೋ ಬಂದು ಇನ್ನೊಂದರಲ್ಲಿ ಬರದಿದ್ದರೆ ಕೆಟ್ಟಿದ್ದು ಯಾವುದು ಅಂತ ಕೈಗೇ ಸಿಕ್ಕಿತು. 4 ಸ್ಲಾಟ್ ಇರುವ ಬೋರ್ಡಿನಲ್ಲಿ ಒಂದೇ ಪಟ್ಟಿ ಹಾಕುವುದಾದರೆ ಸಾಮಾನ್ಯವಾಗಿ ಪ್ರೊಸೆಸರ್‌ನಿಂದ 2ನೇ ಸ್ಲಾಟ್.

ಡಿಡಿಆರ್ 5 ರ‍್ಯಾಮ್ ಹಾಕಿದ ಹೊಸ ಕಂಪ್ಯೂಟರ್ ಆದರೆ ಇನ್ನೊಂದು ಮಾತು. ಮೊದಲ ಸಲ, ಅಥವಾ ರ‍್ಯಾಮ್ ಬದಲಿಸಿದ ಮೇಲೆ, ಬಯೋಸ್ ಆ ರ‍್ಯಾಮ್‌ಗೆ ಹೊಂದಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳಬಹುದು. ಅಷ್ಟು ಹೊತ್ತೂ ಪರದೆ ಕಪ್ಪಗೇ ಇರುತ್ತದೆ. ಗಾಬರಿಯಾಗಿ ಆಫ್ ಮಾಡಿದರೆ ಮತ್ತೆ ಮೊದಲಿಂದ. ಸುಮ್ನೆ ಕಾಯುವುದೇ ಒಳ್ಳೆಯದು.

ರ‍್ಯಾಮ್ ಸರಿ ಇದ್ದೂ ಲೋಗೋ ಬರದಿದ್ದರೆ ಬಯೋಸ್ ಸೆಟ್ಟಿಂಗ್ ಅಳಿಸಿ ನೋಡಬಹುದು. ಮದರ್‌ಬೋರ್ಡಿನ ಮೇಲೆ ನಾಣ್ಯದ ಆಕಾರದ ಸೆಲ್ ಇರುತ್ತದೆ. ಸಿಆರ್ 2032 ಅಂತ ಅದರ ಮೇಲೆ ಬರೆದಿರುತ್ತದೆ. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್. ಪ್ಲಗ್ ಕಿತ್ತು ಸೆಲ್ ತೆಗೆದು ಹತ್ತು ನಿಮಿಷ ಬಿಟ್ಟು ಹಾಕಿದರೆ ಬಹಳಷ್ಟು ಹಳೆಯ ಬೋರ್ಡುಗಳಲ್ಲಿ ಸೆಟ್ಟಿಂಗ್ ಎಲ್ಲ ಮೊದಲಿನಂತಾಗುತ್ತದೆ. ಗಡಿಯಾರ ಪ್ರತಿ ಸಲ ಹಳೆಯ ವರ್ಷಕ್ಕೆ ಹೋಗುತ್ತಿದ್ದರೆ ಸೆಲ್ ಮುಗಿದಿದೆ, ಹೊಸದು ಹಾಕಿ. ಆದರೆ ಕಪ್ಪು ಪರದೆಗೆಲ್ಲ ಸೆಲ್ಲೇ ಕಾರಣ ಅನ್ನುವ ಮಾತು ನಂಬಬೇಡಿ. ಸೆಲ್ ಸತ್ತರೂ ಹೆಚ್ಚಿನ ಕಂಪ್ಯೂಟರ್‌ಗಳು ಏಳುತ್ತವೆ.

ಕೊನೆಯದಾಗಿ, ಬೇಡದ್ದನ್ನೆಲ್ಲ ಕಳಚಿ ನೋಡುವ ವಿಧಾನ. ಪ್ರಿಂಟರ್, ಪೆನ್‌ಡ್ರೈವ್, ಡಿಸ್ಕ್ ಕೇಬಲ್, ಗ್ರಾಫಿಕ್ಸ್ ಕಾರ್ಡ್ ಎಲ್ಲ ತೆಗೆದು ಮದರ್‌ಬೋರ್ಡ್, ಪ್ರೊಸೆಸರ್, ಒಂದು ರ‍್ಯಾಮ್ ಇಷ್ಟರಲ್ಲೇ ಚಾಲೂ ಮಾಡಿ. ಲೋಗೋ ಬಂದರೆ ಒಂದೊಂದೇ ವಾಪಸ್ ಜೋಡಿಸುತ್ತ ಹೋಗಿ. ಕಾರ್ಡ್ ತೆಗೆಯುವ ಮೊದಲು ಪ್ರೊಸೆಸರ್‌ನಲ್ಲೇ ಗ್ರಾಫಿಕ್ಸ್ ಇದೆಯಾ ತಿಳಿದುಕೊಳ್ಳಿ. ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಗೆ ಎಫ್ ಅಕ್ಷರ ಇದ್ದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಇಲ್ಲದೆ ಡಿಸ್‌ಪ್ಲೇ ಬರುವುದಿಲ್ಲ. ಬೋರ್ಡಿನ ಮೇಲಿನ ಡಬ್ಬಿಯಾಕಾರದ ಕೆಪಾಸಿಟರ್‌ಗಳ ತಲೆ ಉಬ್ಬಿದೆಯಾ, ಕಂದು ಬಣ್ಣದ್ದು ಏನಾದರೂ ಸೋರಿದೆಯಾ ಅಂತಲೂ ಕಣ್ಣಾಡಿಸಿ. ಇದ್ದರೆ ಮನೆಯ ಕೆಲಸ ಅಲ್ಲಿಗೆ ಮುಗಿಯಿತು, ಅಂಗಡಿಗೆ ಒಯ್ಯಿರಿ.

ಲೋಗೋ ಬಂದು ಆಮೇಲೆ ಕಪ್ಪಾದರೆ

ಈಗ ವಿಷಯ ವಿಂಡೋಸ್‌ನದು. ಡಿಸ್ಕಿನ ಲೈಟ್ ಮಿಣುಕುತ್ತಿದ್ದರೆ, ಹಿಂದಿನ ದಿನ ಅಪ್‌ಡೇಟ್ ಅಂತ ಬಂದಿದ್ದರೆ, ಮೊದಲು ಒಂದರ್ಧ ಗಂಟೆ ಬಿಟ್ಟುಬಿಡಿ. ಹಳೆಯ ಹಾರ್ಡ್ ಡಿಸ್ಕ್ ಇರುವ ಕಂಪ್ಯೂಟರ್‌ನಲ್ಲಿ ಅಪ್‌ಡೇಟ್ ನಿಧಾನ. ನಡುವೆ ಪವರ್ ಕಿತ್ತರೆ ಇಲ್ಲದ ತೊಂದರೆ ಶುರುವಾಗುತ್ತದೆ.

ಆಮೇಲೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರೂ ಕೀ ಹಿಡಿದು ಬಿ ಒತ್ತಿ. ಡಿಸ್‌ಪ್ಲೇ ಡ್ರೈವರ್ ಹೊಸದಾಗಿ ಚಾಲೂ ಆಗುತ್ತದೆ. ಹಿಂದೆ ಟಿವಿಗೋ ಪ್ರೊಜೆಕ್ಟರ್‌ಗೋ ಜೋಡಿಸಿದ್ದರೆ ಚಿತ್ರ ಈಗಲೂ ಆ ಇಲ್ಲದ ಪರದೆಗೇ ಹೋಗುತ್ತಿರಬಹುದು. ವಿಂಡೋಸ್ ಕೀ ಜೊತೆ ಪಿ ಒತ್ತಿ ಬದಲಿಸಿ. ಕಪ್ಪು ಪರದೆಯಲ್ಲಿ ಮೌಸ್ ಬಾಣ ಮಾತ್ರ ಓಡಾಡುತ್ತಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ರನ್ ನ್ಯೂ ಟಾಸ್ಕ್‌ನಲ್ಲಿ ಎಕ್ಸ್‌ಪ್ಲೋರರ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಹೊಡೆದರೆ ಡೆಸ್ಕ್‌ಟಾಪ್ ಬಂದುಬಿಡಬಹುದು.

ಶಟ್‌ಡೌನ್ ಮಾಡಿ ಮತ್ತೆ ಚಾಲೂ ಮಾಡಿದರೂ ಅದೇ ಕಪ್ಪು ಅನ್ನುವವರಿಗೆ ಒಂದು ಮಾತು. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಅನ್ನುವುದು ಬಂದಿದೆ. ಅದು ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್‌ನ ಒಂದು ಭಾಗ ಡಿಸ್ಕಿನಲ್ಲಿ ಹಾಗೇ ಉಳಿದು ಮರುದಿನ ಅದೇ ಸ್ಥಿತಿಯಲ್ಲಿ ಏಳುತ್ತದೆ, ತೊಂದರೆಯ ಸಮೇತ. ರೀಸ್ಟಾರ್ಟ್ ಕೊಟ್ಟಾಗ ಮಾತ್ರ ಪೂರ್ತಿ ಹೊಸದಾಗಿ ಶುರು. ಶಿಫ್ಟ್ ಹಿಡಿದು ಶಟ್‌ಡೌನ್ ಒತ್ತಿದರೂ ಪೂರ್ತಿ ಆಫ್ ಆಗುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ಸೇಫ್ ಮೋಡ್. ಪರದೆ ಕಾಣದೆ ಅದಕ್ಕೆ ಹೋಗುವುದು ಹೇಗೆ? ಚಾಲೂ ಮಾಡಿ, ವಿಂಡೋಸ್ ಏಳಲು ಶುರುವಾದ ಕೂಡಲೇ ಪವರ್ ಬಟನ್ ಒತ್ತಿಹಿಡಿದು ಆಫ್ ಮಾಡಿ. ಎರಡು ಸಲ ಹೀಗೆ ಆದರೆ ಸಾಮಾನ್ಯವಾಗಿ 3ನೇ ಸಲ ವಿಂಡೋಸ್ ತಾನೇ ರಿಪೇರಿ ಪುಟ ತೆರೆಯುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್, ಆಮೇಲೆ 4 ಒತ್ತಿ. ಸೇಫ್ ಮೋಡಿನಲ್ಲಿ ವಿಂಡೋಸ್ ತನ್ನದೇ ಸಾದಾ ಡಿಸ್‌ಪ್ಲೇ ಡ್ರೈವರ್ ಬಳಸುತ್ತದೆ. ಅಲ್ಲಿ ಚಿತ್ರ ಚೆನ್ನಾಗಿ ಬಂದರೆ ಅನುಮಾನ ನೇರ ಗ್ರಾಫಿಕ್ಸ್ ಡ್ರೈವರ್ ಮೇಲೆ, ಇಲ್ಲವೇ ಈಚೆಗೆ ಹಾಕಿದ ಸಾಫ್ಟ್‌ವೇರ್ ಮೇಲೆ. ಡಿವೈಸ್ ಮ್ಯಾನೇಜರ್‌ನಲ್ಲಿ ಡ್ರೈವರನ್ನು ಹಿಂದಿನದಕ್ಕೆ ಮರಳಿಸಬಹುದು. ರಿಪೇರಿ ಪುಟದಲ್ಲೇ ಕೊನೆಯ ಅಪ್‌ಡೇಟ್ ತೆಗೆಯುವ ದಾರಿಯೂ ಇದೆ.

2024ರ ಜುಲೈ 19ರಂದು ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಏಳದೆ ಮಲಗಿದ್ದು ನೆನಪಿದೆಯಾ? ವಿಮಾನ ನಿಲ್ದಾಣಗಳಲ್ಲಿ ಕೈಯಿಂದ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು. ಆವತ್ತು ಬಂದದ್ದು ನೀಲಿ ಪರದೆ. ಕಾರಣ ಕ್ರೌಡ್‌ಸ್ಟ್ರೈಕ್ ಭದ್ರತಾ ಸಾಫ್ಟ್‌ವೇರ್‌ನ ಒಂದು ತಪ್ಪು ಅಪ್‌ಡೇಟ್ ಫೈಲ್. ಪರಿಹಾರ ಸೇಫ್ ಮೋಡಿಗೆ ಹೋಗಿ ಆ ಫೈಲ್ ಅಳಿಸುವುದು. ಅಷ್ಟು ದೊಡ್ಡ ಗಂಡಾಂತರಕ್ಕೂ ಫಾರ್ಮ್ಯಾಟ್ ಬೇಕಾಗಲಿಲ್ಲ. ನಿಮ್ಮ ಮನೆಯ ಕಂಪ್ಯೂಟರ್‌ಗೆ ಅಷ್ಟು ಬೇಗ ಯಾಕೆ ಬೇಕು?

ಆವತ್ತು ಬಹಳ ಕಡೆ ರಿಪೇರಿ ತಡವಾದದ್ದು ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಕೀ ಕೈಯಲ್ಲಿ ಇಲ್ಲದ್ದರಿಂದ. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಲಾಕ್ ಆಗಿರುತ್ತದೆ. ಸೇಫ್ ಮೋಡಿಗೆ ಹೋಗುವಾಗ, ಬಯೋಸ್ ಸೆಟ್ಟಿಂಗ್ ಬದಲಾದಾಗ, ಡಿಸ್ಕ್ ತೆಗೆದು ಬೇರೆ ಕಂಪ್ಯೂಟರ್‌ಗೆ ಹಾಕಿದಾಗ 48 ಅಂಕಿಯ ಕೀ ಕೇಳುತ್ತದೆ. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಕಂಪ್ಯೂಟರ್ ಚೆನ್ನಾಗಿರುವಾಗಲೇ ಒಂದು ಕಾಗದದ ಮೇಲೆ ಬರೆದಿಡಿ.

ಲ್ಯಾಪ್‌ಟಾಪ್ ಪೂರ್ತಿ ಕಪ್ಪಾಗಿದ್ದರೆ ಚಾರ್ಜರ್ ಕಿತ್ತು, ಬ್ಯಾಟರಿ ಬಿಚ್ಚಲು ಬರುವಂತಿದ್ದರೆ ಅದನ್ನೂ ತೆಗೆದು, ಪವರ್ ಬಟನ್ 30 ಸೆಕೆಂಡ್ ಒತ್ತಿಹಿಡಿದು ಮತ್ತೆ ಚಾಲೂ ಮಾಡಿ. ಇದರಿಂದಲೇ ಎದ್ದ ಲ್ಯಾಪ್‌ಟಾಪ್‌ಗಳು ಬಹಳ. ಎಚ್‌ಡಿಎಂಐ ಕೇಬಲ್‌ನಿಂದ ಮನೆಯ ಟಿವಿಗೆ ಜೋಡಿಸಿ ನೋಡಿ. ಟಿವಿಯಲ್ಲಿ ಚಿತ್ರ ಬಂದರೆ ತೊಂದರೆ ಲ್ಯಾಪ್‌ಟಾಪಿನ ಪರದೆ ಅಥವಾ ಅದರ ಒಳಗಿನ ತೆಳು ಕೇಬಲ್‌ನದು.

ಅಂಗಡಿಗೆ ಒಯ್ಯುವಾಗ

“ಡಿಸ್‌ಪ್ಲೇ ಬರವಲ್ದು” ಅಂತಷ್ಟೇ ಹೇಳಬೇಡಿ. “ಫ್ಯಾನ್ ತಿರಗತೈತ್ರಿ, ಲೋಗೋ ಬರಂಗಿಲ್ಲ, ರ‍್ಯಾಮ್ ಒರಸಿ ಹಾಕೇನಿ, ಬ್ಯಾರೆ ಮಾನಿಟರ್ ಹಚ್ಚಿ ನೋಡೇನಿ” ಅಂತ ಹೇಳಿ. ರಿಪೇರಿ ಮಾಡುವವರ ಸಮಯ ಉಳಿಯುತ್ತದೆ, ನಿಮ್ಮ ದುಡ್ಡೂ ಉಳಿಯುತ್ತದೆ. ಜೊತೆಗೆ ಇನ್ನೊಂದು ಮಾತು ಗಟ್ಟಿಯಾಗಿ ಹೇಳಿ: ಡೇಟಾ ಕಾಪಿ ಆಗುವವರೆಗೆ ಫಾರ್ಮ್ಯಾಟ್ ಬೇಡ.

ಗದಗ-ಬೆಟಗೇರಿಯ ಮುದ್ರಣಾಲಯಗಳಂಥ ಕಡೆ ಇದು ಇನ್ನೂ ಮುಖ್ಯ. ಅಲ್ಲಿನ ಅಕ್ಷರ ಜೋಡಣೆಯ (ಡಿಟಿಪಿ) ಕಂಪ್ಯೂಟರ್‌ಗಳಲ್ಲಿ ಎಲ್ಲ ಕಂಪ್ಯೂಟರ್‌ಗಳಿಗೂ ಅರ್ಥವಾಗುವ ಯೂನಿಕೋಡ್ ರೂಢಿಗೆ ಬರುವ ಮೊದಲಿನ ನುಡಿ, ಶ್ರೀಲಿಪಿ ಫಾಂಟ್‌ಗಳಲ್ಲಿ ಮಾಡಿದ ಫೈಲ್‌ಗಳು ಇರುತ್ತವೆ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಗುರುತುಗಳು ಕಾಣುತ್ತವೆ. ಫೈಲ್ ಉಳಿಸಿಕೊಂಡು ಫಾಂಟ್ ಕಳೆದುಕೊಂಡರೆ ಉಪಯೋಗವಿಲ್ಲ. ಹಾಗಾಗಿ ವಿಂಡೋಸ್ ಫೋಲ್ಡರಿನ ಒಳಗಿರುವ ಫಾಂಟ್ಸ್ ಫೋಲ್ಡರನ್ನೂ ಕಾಪಿ ಮಾಡಿಸಿ. ಡೆಸ್ಕ್‌ಟಾಪ್ ಮೇಲಿನ ಫೈಲ್‌ಗಳು ಇರುವುದು ಸಿ ಡ್ರೈವ್‌ನಲ್ಲೇ, ಅವು ಮರೆತುಹೋಗುವುದೇ ಹೆಚ್ಚು.

ಮದರ್‌ಬೋರ್ಡ್ ಸತ್ತಿದ್ದರೂ ಡೇಟಾ ತೆಗೆಯಬಹುದು. ಡಿಸ್ಕ್ ಬಿಚ್ಚಿ ಯುಎಸ್‌ಬಿ ಅಡಾಪ್ಟರ್ ಮೂಲಕ ಬೇರೆ ಕಂಪ್ಯೂಟರ್‌ಗೆ ಪೆನ್‌ಡ್ರೈವ್‌ ಥರ ಜೋಡಿಸಿದರೆ ಸಾಕು. ಜೋಡಿಸಿದಾಗ “ಫಾರ್ಮ್ಯಾಟ್ ಮಾಡಲೇ?” ಅಂತ ವಿಂಡೋಸ್ ಕೇಳಿದರೆ ಕ್ಯಾನ್ಸಲ್ ಒತ್ತಿ. ಡಿಸ್ಕ್ ಒಳಗಿಂದ ಟಕ್ ಟಕ್ ಅಂತ ಒಂದೇ ಸಮ ಸದ್ದು ಬರುತ್ತಿದ್ದರೆ ಮತ್ತೆ ಮತ್ತೆ ಚಾಲೂ ಮಾಡಬೇಡಿ, ಪ್ರತಿ ಸಲವೂ ಒಳಗಿನ ತಟ್ಟೆಗೆ ಪೆಟ್ಟು ಬೀಳಬಹುದು. ಅಂಥದ್ದನ್ನು ಡೇಟಾ ರಿಕವರಿ ಮಾಡುವವರಿಗೇ ಕೊಡಬೇಕು. ಕಾಪಿ ಆಯಿತು ಅಂತ ಹೇಳಿದ ಮೇಲೆ ಅಲ್ಲೇ ಕೂತು ನಾಲ್ಕಾರು ಫೈಲ್ ನೀವೇ ತೆರೆದು ನೋಡಿ. ಪಟ್ಟಿಯಲ್ಲಿ ಹೆಸರು ಕಂಡರೆ ಸಾಲದು, ಫೋಟೊ ತೆರೆಯಬೇಕು, ಲೆಕ್ಕದ ಶೀಟಿನಲ್ಲಿ ಅಂಕಿ ಕಾಣಬೇಕು. ಅಲ್ಲಿಯವರೆಗೆ ಹಳೆಯ ಡಿಸ್ಕನ್ನು ಯಾರ ಕೈಗೂ ಕೊಡಬೇಡಿ.